ಮೆತ್ತಗೆ ಮುಚ್ಚಿದ ಕೋವಿ

ಕಂತು ೭

"ಖಾಲಿ," ಎಂದರು ಅಜ್ಜ.

ಖಾಲಿ ಇರಲಿಲ್ಲ.

ಬಲಗಡೆಯ ನಳಿಗೆಯೊಳಗೆ, ಒಂದು ಬೆರಳುದ್ದದ ಆಳದಲ್ಲಿ, ಹಳದಿ ತೋಟಾ ಒಂದು ಸಿಕ್ಕಿಕೊಂಡು ಕೂತಿತ್ತು. ಹತ್ತು ನಿಮಿಷದ ಹಿಂದೆ ನಾನೇ ಅದನ್ನು ಒತ್ತಿ ಕೂರಿಸಿದ್ದೆ. ಮದ್ದು, ಚರೆ, ಕೇಪು ಎಲ್ಲ ತೆಗೆಸಿದ ಸತ್ತ ತೋಟಾ. ಸುತ್ತಿಗೆಯಲ್ಲಿ ಕುಟ್ಟಿದರೂ ಸಿಡಿಯುವುದಿಲ್ಲ. ಆದರೆ ಕಣ್ಣಿದ್ದವರಿಗೆ ಕಾಣುತ್ತದೆ.

ಅಜ್ಜ ನೋಡದೆ ಹೇಳಿದವರಲ್ಲ. ಜೋಡಿ ನಳಿಗೆಯ ಕೋವಿಯನ್ನು ನಡುವೆ ಮಡಚಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೊದಲು ಎಡ ನಳಿಗೆ, ಆಮೇಲೆ ಬಲ ನಳಿಗೆ ನೋಡಿದ್ದರು. ಆಮೇಲೆ ಮಡಚಿದ ಕೋವಿಯ ಮರದ ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದರು.

"ತಗೋ ಮಗಳೇ. ನೀನೂ ನೋಡು. ಕೊಡೋನೂ ನೋಡ್ಬೇಕು, ತಗೊಳ್ಳೋನೂ ನೋಡ್ಬೇಕು."

ನಾನು ನೋಡಿದೆ. ಎಡಗಡೆ ದುಂಡನೆಯ ಬೆಳಕು. ಬಲಗಡೆ ಹಿತ್ತಾಳೆಯ ತಳ. ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್‌ಗೆ ನಾನು ಏನು ಮಾಡಿದ್ದೆ ಎಂದು ಗೊತ್ತಿತ್ತು. ಅವನು ಮುಖ ಬೇರೆ ಕಡೆ ತಿರುಗಿಸಿಕೊಂಡ.

ಸುಳ್ಳು ಹಿಡಿದಾಗ ಪೊಲೀಸಿನವಳಿಗೆ ಸಂತೋಷವಾಗಬೇಕಂತೆ. ನನಗೆ ಅಳು ಬಂತು.

ಹೋದ ಭಾನುವಾರ ಬೆಳಿಗ್ಗೆ ಈ ಕ್ಲಬ್ಬಿನಲ್ಲಿ ಹಲ್ಲಿನ ಡಾಕ್ಟರು ಯಾವಾಗಲೂ ಹಿಡಿಯುತ್ತಿದ್ದ ಐದನೇ ನಂಬರ್ ಕೋವಿ ಅವರ ಕೈಯಲ್ಲೇ ಒಡೆದು ಪ್ರಾಣ ತೆಗೆದಿತ್ತು. ನಿನ್ನೆ ಸಂಜೆ, ಕೋವಿಗಳನ್ನು ನೋಡಿಕೊಳ್ಳುವ ಅಜ್ಜ ತಾವಾಗಿಯೇ ಠಾಣೆಗೆ ನಡೆದು ಬಂದು "ಕೊಂದಿದ್ದು ನಾನೇ" ಎಂದು ಬರೆದುಕೊಟ್ಟಿದ್ದರು. ಆ ಕಾಗದ ನನ್ನ ಕಂಕುಳಿನ ಫೈಲಿನಲ್ಲಿತ್ತು. ನಾಲ್ಕು ಗಂಟೆಗೆ ಅದು ಸಾಹೇಬರ ಮೇಜಿನ ಮೇಲಿರಬೇಕು, ಅಲ್ಲಿಂದ ನೇರ ಕೋರ್ಟಿಗೆ. ಎಪ್ಪತ್ತೊಂದರ ಈ ಮುದುಕ ಒಮ್ಮೆ ಜೈಲಿನ ಒಳಗೆ ಹೋದರೆ ಹೊರಗೆ ಬರುವುದು ನಾಲ್ಕು ಜನರ ಹೆಗಲ ಮೇಲೆಯೇ. ಈಗ ಎರಡೂ ಮುಕ್ಕಾಲು.

ಸ್ಥಳ ತೋರಿಸಬೇಕು ಎಂದು ಸಾಹೇಬರಿಗೆ ನೆಪ ಹೇಳಿ ಅಜ್ಜನನ್ನು ಲಾಕಪ್ಪಿನಿಂದ ಇಲ್ಲಿಗೆ ಕರೆತಂದಿದ್ದೆ. ಆ ಕಾಗದವನ್ನು ಇವತ್ತು ಅವರ ಕೈಯಿಂದಲೇ ಹರಿದು ಹಾಕಿಸಬೇಕು. ಅದೊಂದೇ ನನ್ನ ಹಟ.

"ಅಜ್ಜ, ಬಲ ನಳಿಗೇಲಿ ಏನೂ ಇಲ್ವಾ?"

"ಖಾಲಿ ಅಂದ್ರೆ ಖಾಲಿ."

ನಾನು ಅವರ ತೋರುಬೆರಳು ಹಿಡಿದು ನಳಿಗೆಯೊಳಗೆ ತೂರಿಸಿದೆ. ಬೆರಳ ತುದಿ ಹಿತ್ತಾಳೆಗೆ ತಾಗಿತು. ಅಜ್ಜ ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತರು. ಎಷ್ಟು ಹೊತ್ತು ನಿಂತರೆಂದರೆ, ಕೈ ಬಿಡಿಸಬೇಕೋ ಬಿಡಬೇಕೋ ನನಗೆ ತಿಳಿಯಲಿಲ್ಲ.

ಕೊನೆಗೆ ಅವರೇ ಬೆರಳು ತೆಗೆದು, ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿಕೊಂಡು, ಬೆಂಚಿನ ಮೇಲೆ ಕುಸಿದರು.

"ಎಷ್ಟು ದಿನದಿಂದ ಅಜ್ಜ?"

"ಒಂದು ವರ್ಷ ಆಯ್ತು." ಧ್ವನಿ ಹೂತುಹೋಗಿತ್ತು. "ಮೊದ್ಲು ನಡುವೆ ಒಂದು ಚುಕ್ಕೆ ಇತ್ತು. ಈಗ ತಟ್ಟೆಯಷ್ಟಾಗಿದೆ. ಸುತ್ತ ಎಲ್ಲಾ ಕಾಣತ್ತೆ ಮಗಳೇ. ನಿನ್ನ ಕಿವಿ ಕಾಣತ್ತೆ, ಟೋಪಿ ಕಾಣತ್ತೆ. ಮುಖ ಇಲ್ಲ. ಯಾವುದನ್ನ ನೇರವಾಗಿ ನೋಡ್ತೀನೋ ಅದೇ ಮಾಯ."

ಹಾಗಾಗಿಯೇ ಯಾರಿಗೂ ಗೊತ್ತಾಗಿರಲಿಲ್ಲ. ನಡೆಯುವಾಗ ಎಡವುವುದಿಲ್ಲ, ಬಾಗಿಲು ತಡಕುವುದಿಲ್ಲ. ನಳಿಗೆಯೊಳಗಿನ ದುಂಡು ಬೆಳಕೊಂದು ಮಾತ್ರ ಅವರ ಪಾಲಿಗೆ ಹೋಗಿಬಿಟ್ಟಿತ್ತು. ಅಷ್ಟು ದೊಡ್ಡ ಲೋಕದಲ್ಲಿ ಅವರು ಕಾಣಬೇಕಾಗಿದ್ದದ್ದು ಅದೊಂದೇ.

ಇಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನಲವತ್ತು ವರ್ಷದಲ್ಲಿ ಒಬ್ಬರ ಕೂದಲೂ ಕೊಂಕಿರಲಿಲ್ಲ. ಕೋವಿ ಕೈಗೆ ಕೊಡುವ ಮೊದಲು ಅಜ್ಜ ನಳಿಗೆ ನೋಡಿ "ಖಾಲಿ" ಎನ್ನಬೇಕು. ಪಡೆದವನು ತಾನೂ ನೋಡಿ "ಖಾಲಿ" ಎನ್ನಬೇಕು. ಗೋಡೆಯ ಮೇಲೆ ಅಜ್ಜನ ದಪ್ಪಕ್ಷರದಲ್ಲೇ ಹಾಗೆ ಬರೆದಿದೆ. ಅಜ್ಜನ ಮೇಲಿನ ನಂಬಿಕೆ ಬೆಳೆದು ಬೆಳೆದು, ಎರಡನೆಯವನು ನೋಡುವುದನ್ನು ಬಿಟ್ಟು ಬರೀ ಹೇಳುವುದನ್ನು ಇಟ್ಟುಕೊಂಡ. ಅಜ್ಜ "ಖಾಲಿ" ಎಂದರೆ ಮುಗಿಯಿತು. ಈ ಮನುಷ್ಯನ ಒಳ್ಳೆಯ ಹೆಸರೇ ಡಾಕ್ಟರನ್ನು ಕೊಂದಿತು ಎಂದರೆ ತಪ್ಪಿಲ್ಲ.

"ಹಾಗಿದ್ರೆ ನೀವು ಕೊಂದಿಲ್ಲ," ಎಂದೆ. "ಕಣ್ಣು ಕಾಣ್ದೆ ಆದ ಅನಾಹುತ. ಕೊಲೆ ಮಾಡ್ದೆ ಅಂತ ಯಾಕೆ ಬರೆದ್ರಿ?"

ಅಜ್ಜ ತಲೆಯೆತ್ತಿದರು. ಅವರ ನೋಟ ನನ್ನ ಕಿವಿಯ ಪಕ್ಕ ಎಲ್ಲೋ ನಿಂತಿತು.

"ಕೊಲೆಗಾರ ಅಂತಾನೇ ಇರ್ಲಿ ಮಗಳೇ. ಕಾಣ್ದೇ ಇದ್ರೂ ಖಾಲಿ ಅಂದ ಅಂತ ಮಾತ್ರ ಬರೀಬೇಡ."

"ಅಜ್ಜ!"

"ಡಾಕ್ಟ್ರು ಹಲ್ಲು ಕೀಳೋವಾಗ ನೋವು ಮಾಡಿದ್ರು. ಆ ಸಿಟ್ಟಿಗೆ ಮಾಡ್ದೆ. ಬರೆದಿದ್ದೀನಲ್ಲ."

ಹೌದು, ಹಾಗೆಯೇ ಬರೆದಿದ್ದರು. ಸಾಹೇಬರು ಅದನ್ನು ಓದಿ ಗಂಭೀರವಾಗಿ ತಲೆಯಾಡಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು. ಹಲ್ಲು ಕಿತ್ತ ನೋವಿಗೆ ಕೊಲೆ ಮಾಡುವುದಾದರೆ ಊರಲ್ಲಿ ಒಬ್ಬ ಹಲ್ಲಿನ ಡಾಕ್ಟರೂ ಉಳಿಯುತ್ತಿರಲಿಲ್ಲ.

"ಆ ಹಲ್ಲಿನ ಸೆಟ್ಟು ತೆಗೆದು ತೋರ್ಸಿ ನೋಡೋಣ," ಎಂದೆ. "ಸಿಟ್ಟಿದ್ದೋರು ಅದನ್ನ ಹಾಕ್ಕೊಂಡು ನಗ್ತಾ ಓಡಾಡ್ತಿದ್ರಾ?"

ಅಷ್ಟು ದುಃಖದಲ್ಲೂ ಅಜ್ಜನ ತುಟಿಯಂಚಿನಲ್ಲಿ ನಗು ಸುಳಿಯಿತು. "ಸೆಟ್ಟು ಕಟ್ಟಿದ್ದು ಡಾಕ್ಟ್ರಲ್ಲ, ನಿನ್ನ ತಮ್ಮ. ಒಳ್ಳೆ ಕೈ ಅವನದ್ದು. ಕಡ್ಲೆ ಅಗೀತೀನಿ."

ನನ್ನ ತಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ಹಲ್ಲಿನ ಅಚ್ಚು ತೆಗೆದು ಸೆಟ್ಟು ಕಟ್ಟುವವನು. ಭಾನುವಾರ ಅವರ ಕಾರನ್ನೂ ಅವನೇ ಓಡಿಸಿಕೊಂಡು ಬರುತ್ತಿದ್ದ. ಡಾಕ್ಟರು ಹೋದ ಮೇಲೆ ಊಟ ಬಿಟ್ಟು ಕೂತಿದ್ದಾನೆ. ಇವತ್ತೇ ಮೂರು ಸಲ ಫೋನ್ ಮಾಡಿದ್ದಾನೆ. ಈ ಕೇಸಿನಲ್ಲಿ ನಾನಿರಬಹುದೇ ಎಂದು ಮೊದಲ ದಿನವೇ ಕೇಳಿದ್ದೆ. "ಡ್ರೈವರು ಕಾರಿನ ಹತ್ರ ಇದ್ದ, ಅವನಿಗೇನು ಸಂಬಂಧ," ಎಂದಿದ್ದರು ಸಾಹೇಬರು.

ನಾನು ಫೈಲು ಬಿಚ್ಚಿದೆ.

"ಎಡ ನಳಿಗೇಲಿ ತೋಟಾ ಇಟ್ಟೆ ಅಂತ ಬರೆದಿದ್ದೀರಿ. ಒಡೆದಿದ್ದು ಬಲದ್ದು. ಇಟ್ಟೋರಿಗೆ ಅಷ್ಟೂ ಗೊತ್ತಿರಲ್ವಾ? ಯಾರನ್ನ ಮುಚ್ಚಿಡ್ತಿದ್ದೀರಿ ಅಜ್ಜ?"

ಅಜ್ಜ ಹೆಗಲ ಮೇಲಿನ ಬಟ್ಟೆ ತೆಗೆದು ಮಡಚತೊಡಗಿದರು. ಚೌಕಟ್ಟಿನಲ್ಲಿ, ನಾನು ತೆಗೆದದ್ದನ್ನು ಬಿಟ್ಟು, ಐದು ಕೋವಿಗಳು ಬಾಯಿ ಕೆಳಗೆ ಮಾಡಿ ನಿಂತಿದ್ದವು; ಒರೆಸಿದ ಎಣ್ಣೆ ಇಳಿದು ಮರದ ಹಿಡಿಗೆ ಸೇರಿ ಮರ ಕೊಳೆಯಬಾರದೆಂದು ಅಜ್ಜ ಹಾಗೆ ನಿಲ್ಲಿಸುತ್ತಾರೆ. ಐದನೇ ಗೂಡು ಬರಿದಾಗಿತ್ತು. ಗೂಡಿನ ಹಸಿರು ಬಟ್ಟೆಯ ಮೇಲೆ ಹೆಬ್ಬೆರಳಗಲದ ಬಿಳಿ ಗುರುತೊಂದು ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು. ನಂಬರ್ ಬರೆಯುವ ಸೀಮೆಸುಣ್ಣ ಎಂದು ಬಿಟ್ಟಿದ್ದೆ.

ಒಡೆದ ನಳಿಗೆಯಲ್ಲಿ ಚೂರುಚೂರಾಗಿ ಸಿಕ್ಕ ಹಳದಿ ತೋಟಾದ ವಿಷಯ ಮಾತ್ರ ಬಿಟ್ಟಿರಲಿಲ್ಲ. ಕ್ಲಬ್ಬಿನ ಕೋವಿಗಳೆಲ್ಲ ಹನ್ನೆರಡು ಬೋರಿನವು. ಹಳದಿ ತೋಟಾ ಇಪ್ಪತ್ತು ಬೋರಿನದು. ನಂಬರ್ ದೊಡ್ಡದಾದಷ್ಟೂ ತೂತು ಸಣ್ಣದು. ಹಾಗಾಗಿ ಹಳದಿಯದು ಹನ್ನೆರಡರ ನಳಿಗೆಯೊಳಗೆ ಜಾರಿ, ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಸರಿಯಾದ ತೋಟಾ ಸಲೀಸಾಗಿ ಕೂರುತ್ತದೆ. ಟ್ರಿಗರ್ ಎಳೆದರೆ ಹಿಂದಿನದು ಮುಂದಿನದನ್ನು ಸಿಡಿಸಿ, ಎಡಗೈ ಹಿಡಿದ ಜಾಗದಲ್ಲೇ ಉಕ್ಕು ಸೀಳುತ್ತದೆ. ಅದಲುಬದಲಾಗಬಾರದೆಂದೇ ಅದಕ್ಕೆ ಹಳದಿ ಬಣ್ಣ. ಊರಲ್ಲಿ ಇಪ್ಪತ್ತು ಬೋರಿನ ಲೈಸೆನ್ಸು ನಾಲ್ಕೇ ಮನೆಗಳಿಗಿದೆ. ನಾಲ್ಕೂ ಮನೆಗೆ ಹೋಗಿ ತೋಟಾ ತಾಳೆ ನೋಡಿದ್ದೆ. ಒಂದೂ ಹೆಚ್ಚುಕಡಿಮೆ ಇರಲಿಲ್ಲ.

"ನಿಮ್ಮ ಕಣ್ಣಿನ ವಿಷಯ ಇನ್ಯಾರಿಗೆ ಗೊತ್ತಿತ್ತು?"

"ಡಾಕ್ಟ್ರಿಗೆ."

ನಾನು ಬೆಚ್ಚಿದೆ.

"ಎರಡು ತಿಂಗ್ಳ ಹಿಂದೆ ಕಂಡುಹಿಡಿದ್ರು. ನಳಿಗೇಲಿ ಒರೆಸೋ ಬಟ್ಟೆ ಚೂರು ಉಳಿದಿತ್ತು, ನಾನು ಖಾಲಿ ಅಂದೆ. ಅವ್ರು ಬೈಲಿಲ್ಲ. 'ಅಜ್ಜ, ನೀವು ಎಂದಿನ ಹಾಗೆ ಹೇಳಿ, ನಾನು ಬೇಗ ಬಂದು ಎಲ್ಲಾನೂ ನೋಡಿಟ್ಟಿರ್ತೀನಿ, ಯಾರಿಗೂ ಗೊತ್ತಾಗಲ್ಲ' ಅಂದ್ರು." ಅಜ್ಜ ಕಣ್ಣೊರೆಸಿಕೊಂಡರು. "ನನ್ನ ಮರ್ಯಾದೆ ಉಳಿಸೋಕೆ ಹೋಗಿ ಸತ್ರು ಮಗಳೇ."

"ಹೋದ ಭಾನುವಾರಾನೂ ನೋಡಿದ್ರಾ?"

"ನೋಡಿದ್ರು. ನಾನು ಹಿಂದಿನ ಕೋಣೇಲಿ ಒರೆಸೋ ಬಟ್ಟೆ ಕತ್ತರಿಸ್ತಿದ್ದೆ. ಒಂದೊಂದೇ ತೆಗೆದು, ಮಡಚಿ, ನೋಡಿ, ಮುಚ್ಚಿಟ್ರು. ಏಳು ಸಲ ಸದ್ದು ಕೇಳ್ತು. 'ಎಲ್ಲಾ ಖಾಲಿ ಅಜ್ಜ' ಅಂತ ಕೂಗಿ ಜಗಲಿಗೆ ಹೋದ್ರು, ಅಲ್ಲಿ ಫೋನಲ್ಲಿ ಮಾತಾಡ್ತಾ ನಿಂತ್ರು."

"ಆಮೇಲೆ?"

"ಆಮೇಲೆ ಇನ್ನೊಂದು ಸದ್ದು ಕೇಳ್ತು."

"ಕೋವಿ ಮುಚ್ಚಿದ್ದಾ?"

"ಏಳು ಕೋವಿಗೆ ಎಂಟು ಸದ್ದು. ಡಾಕ್ಟ್ರ ಮಾತು ಜಗಲಿ ಕಡೆಯಿಂದ ಕೇಳ್ತಾನೇ ಇತ್ತು."

ಅಂದರೆ ಎಂಟನೆಯ ಸದ್ದು ಕೊಂದವರದ್ದು. ತಾವೇ ನೋಡಿಟ್ಟ ಕೋವಿಯೆಂದು ಡಾಕ್ಟರು ಕೈಗೆ ತೆಗೆದುಕೊಂಡಾಗ ಮತ್ತೆ ನೋಡಿರಲಿಲ್ಲ.

"ಎದ್ದು ನೋಡ್ಲಿಲ್ವಾ?"

"ನೋಡೋದ್ಯಾಕೆ? ಯಾರದ್ದು ಅಂತ ಗೊತ್ತಾಯ್ತಲ್ಲ." ಅಜ್ಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಮೆತ್ತಗೆ ಮುಚ್ಚಿದ ಸದ್ದು ಅದು. ನಾನು ಕಲಿಸಿದ್ದು."

ಅದೇನೆಂದು ನನಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಮಡಚಿದ ಕೋವಿಯನ್ನು ಎಲ್ಲರೂ ನಳಿಗೆ ಮೇಲಕ್ಕೆ ಕುಕ್ಕಿ ಠಪ್ಪನೆ ಮುಚ್ಚುತ್ತಾರೆ. ಕೀಲು ಸವೆಯುತ್ತದೆ, ಕೋವಿಯ ಬಾಯಿ ಎದುರಿಗಿದ್ದವನ ಎದೆಯವರೆಗೆ ಏಳುತ್ತದೆ. ಅಜ್ಜನ ರೀತಿಯಲ್ಲಿ ನಳಿಗೆ ನೆಲ ನೋಡುತ್ತಲೇ ಇರಬೇಕು. ಮರದ ಹಿಡಿಯನ್ನೇ ಬಲಗೈಯಲ್ಲಿ ಎತ್ತಿ ನಳಿಗೆಗೆ ಕೂಡಿಸಬೇಕು. ಬೀರುವಿನ ಚಿಲಕ ಬಿದ್ದಷ್ಟೇ ಸದ್ದು. ಪೊಲೀಸ್ ತರಬೇತಿಗೆ ಅವರು ಬರುತ್ತಿದ್ದಾಗ, ಠಪ್ಪೆಂದರೆ ಒರೆಸುವ ಸಲಾಕೆಯಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ನನ್ನ ಬೆರಳಿಗೆ ಇವತ್ತಿಗೂ ಅದು ನೆನಪಿದೆ.

"ನೂರಾರು ಜನಕ್ಕೆ ಹೇಳಿಕೊಟ್ಟೆ," ಎಂದರು ಅಜ್ಜ. "ಕೈಗೆ ಹತ್ತಿದ್ದು ಮೂರೇ ಜನಕ್ಕೆ. ಒಬ್ರು ಡಾಕ್ಟ್ರು, ಹೋದ್ರು. ಒಬ್ಳು ನೀನು. ಇನ್ನೊಬ್ಳು ನನ್ನ ಮಗಳು."

ಕಾಗದ ಯಾಕೆ ಬರೆದರೆಂದು ಈಗ ಗೊತ್ತಾಯಿತು. ಅಜ್ಜನ ಮಗಳು ಇದೇ ಕ್ಲಬ್ಬಿನ ಗುಮಾಸ್ತೆ. ಬಾಗಿಲಾಚೆ ರಿಜಿಸ್ಟರ್ ಮುಂದೆ ಕೂತಿದ್ದಳು. ಅಪ್ಪ ಕೊಲೆಗಾರ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದರೂ ಕೆಲಸಕ್ಕೆ ಬರುವುದನ್ನು ಬಿಟ್ಟಿರಲಿಲ್ಲ.

"ಅವಳನ್ನ ಕರಿ," ಎಂದೆ ಕಾನ್‌ಸ್ಟೇಬಲ್‌ಗೆ.

"ಬೇಡ ಮಗಳೇ! ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಬಂದಳು. ನಲವತ್ತರ ಹೆಂಗಸು, ಅತ್ತು ಅತ್ತು ಕಣ್ಣು ಊದಿತ್ತು. ನಾನು ಹಳದಿ ತೋಟಾವನ್ನು ಸಲಾಕೆಯಿಂದ ತಳ್ಳಿ ತೆಗೆದು, ಎರಡೂ ನಳಿಗೆ ನೋಡಿ, ಮಡಚಿದ ಕೋವಿಯನ್ನು ಅವಳ ಕೈಗಿಟ್ಟೆ.

"ನೀವೂ ನೋಡಿ, ಮುಚ್ಚಿ. ನಿಮ್ಮಪ್ಪ ಕಲಿಸಿದ ಹಾಗೆ."

ಅವಳು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ಅಜ್ಜ ಗೋಡೆಗೆ ಮುಖ ಮಾಡಿದ್ದರು. ಅವಳು ಬಲಗೈಯಲ್ಲಿ ಮರದ ಹಿಡಿ ಎತ್ತಲು ಹೋದಳು. ಅರ್ಧಕ್ಕೆ ಬರುವಷ್ಟರಲ್ಲಿ ಮಣಿಕಟ್ಟು ನಡುಗಿತು, ಹಲ್ಲು ಕಚ್ಚಿಕೊಂಡಳು, ಹಿಡಿ ಕೆಳಗೆ ಬಿತ್ತು. ಮತ್ತೊಮ್ಮೆ ಎತ್ತಿದಳು. ಆಗಲಿಲ್ಲ. ಕೊನೆಗೆ ಹಿಡಿಯನ್ನು ಸೊಂಟಕ್ಕೆ ಆನಿಸಿಕೊಂಡು, ಎಡಗೈಯಿಂದ ನಳಿಗೆಯನ್ನು ಮೇಲಕ್ಕೆ ಕುಕ್ಕಿದಳು.

ಠಪ್!

ಅಜ್ಜ ಹೊಡೆತ ಬಿದ್ದವರಂತೆ ತಿರುಗಿದರು. "ಏನದು? ಹಾಗಾ ಮುಚ್ಚೋದು?"

"ಆಗಲ್ಲ ಅಪ್ಪಾ." ಅವಳು ಅಳತೊಡಗಿದಳು. "ಎರಡು ವರ್ಷದ ಹಿಂದೆ ಸ್ಕೂಟರಿಂದ ಬಿದ್ನಲ್ಲ, ಮಣಿಕಟ್ಟಿಗೆ ಪ್ಲೇಟು ಹಾಕಿದ್ದಾರೆ. ತುಂಬಿದ ಚೊಂಬು ಎತ್ತಕ್ಕೂ ಆಗಲ್ಲ. ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ. ಅದಕ್ಕೇ ಕೋವಿ ಮುಟ್ಟೋದು ಬಿಟ್ಟೆ."

ಒಂದೇ ಸೂರಿನ ಕೆಳಗೆ ಅಪ್ಪ ಕಣ್ಣು ಮುಚ್ಚಿಟ್ಟಿದ್ದ, ಮಗಳು ಕೈ ಮುಚ್ಚಿಟ್ಟಿದ್ದಳು. ಒಂದು ಮಾತು ಆಡಿದ್ದರೆ ಐದು ದಿನದ ಈ ನರಕ ಬೇಕಾಗಿರಲಿಲ್ಲ.

ಅಜ್ಜ ಎದ್ದು ಬಂದು ಮಗಳ ಮಣಿಕಟ್ಟು ಹಿಡಿದು ಸವರಿದರು. ಸವರುತ್ತಲೇ ಬಿಕ್ಕಿದರು. ನನ್ನ ಎದೆಯಿಂದ ಒಂದು ಭಾರ ಇಳಿಯಿತು. ಈ ಕೇಸಿನಲ್ಲಿ ನನಗೆ ಸಿಕ್ಕ ಸಮಾಧಾನ ಅದೊಂದೇ, ಅದೂ ಒಂದೇ ನಿಮಿಷ.

"ಇನ್ನೊಂದು ಮಾತು," ಎಂದೆ ಅವಳಿಗೆ. "ಈ ಗೂಡಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೀತೀರಾ?"

"ಸೀಮೆಸುಣ್ಣಾನಾ? ಇಲ್ಲಪ್ಪಾ. ಪುಡಿ ನಳಿಗೆ ಒಳಗೆ ಹೋಗತ್ತೆ ಅಂತ ಅಪ್ಪ ಈ ಕೋಣೆಗೇ ತರಕ್ಕೆ ಬಿಡಲ್ಲ. ನಂಬರೆಲ್ಲಾ ಬಣ್ಣದಲ್ಲಿ ಬರೆದಿರೋದು."

ನಾನು ಐದನೇ ಗೂಡಿನ ಬಳಿ ಹೋಗಿ ಬಿಳಿ ಗುರುತನ್ನು ಉಗುರಿನಿಂದ ಕೆರೆದೆ. ಪುಡಿಯಾಗಲಿಲ್ಲ. ಸಣ್ಣ ಚಕ್ಕೆಯಾಗಿ ಎದ್ದು ಬಂತು, ಒದ್ದೆಯಾಗಿ ಅಂಟಿ ಆಮೇಲೆ ಗಟ್ಟಿಯಾದದ್ದು. ಇಂಥ ಚಕ್ಕೆಗಳನ್ನು ಆರು ವರ್ಷದಿಂದ ನಮ್ಮ ಮನೆಯ ಬಚ್ಚಲಲ್ಲಿ, ಸೋಪಿನ ಡಬ್ಬಿಯಲ್ಲಿ, ತಮ್ಮನ ಅಂಗಿಯ ತೋಳಿನಲ್ಲಿ ನೋಡುತ್ತಲೇ ಬಂದಿದ್ದೇನೆ. ಹಲ್ಲಿನ ಅಚ್ಚಿಗೆ ಕಲಸುವ ಪ್ಲಾಸ್ಟರ್.

ಬೇರೇನೋ ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ.

ಹಿಂದಿನಿಂದ ಅಜ್ಜನ ಧ್ವನಿ ಬಂತು. "ಮಗಳೇ, ತಪ್ಪು ತಿಳ್ಕೋಬೇಡ. ಡಾಕ್ಟ್ರಲ್ಲ. ಇವಳಲ್ಲ. ಆವತ್ತು ಬೆಳಿಗ್ಗೆ ನೀನೆಲ್ಲಿದ್ದೆ?"

"ಠಾಣೇಲಿ. ಹಿಂದಿನ ರಾತ್ರಿಯಿಂದ ಡ್ಯೂಟಿ. ಹತ್ತು ಜನ ನೋಡಿದ್ದಾರೆ."

"ನನಗೂ ಗೊತ್ತು ನೀನಲ್ಲ ಅಂತ." ಅವರು ಯೋಚಿಸುತ್ತ ಹೇಳಿದರು. "ಹಾಗಾದ್ರೆ ನಾಲ್ಕನೆಯೋರು ಒಬ್ರು ಇದ್ದಾರೆ. ನಾನಂತೂ ಕಲಿಸಿಲ್ಲ. ನೀನು ಯಾರಿಗಾದ್ರೂ ಕಲಿಸಿದ್ದೀಯಾ?"

ಹನ್ನೆರಡು ವರ್ಷದ ಹಿಂದಿನ ಮಾತು. ತರಬೇತಿ ಮುಗಿಸಿ ಹೊಸ ಹುಮ್ಮಸ್ಸಿನಲ್ಲಿ ಮನೆಗೆ ಬಂದಿದ್ದೆ. ಸೋದರಮಾವನ ಹತ್ತಿರ ಹಗುರವಾದ ಕೋವಿಯೊಂದಿತ್ತು. ತಮ್ಮನನ್ನು ಹಿತ್ತಲಲ್ಲಿ ನಿಲ್ಲಿಸಿಕೊಂಡು, ಠಪ್ಪೆಂದಾಗಲೆಲ್ಲ ಸೌಟಿನಿಂದ ಅವನ ಬೆರಳ ಗಂಟಿಗೆ ಹೊಡೆದು, ಮೆತ್ತಗೆ ಮುಚ್ಚುವುದನ್ನು ಕಲಿಸಿದ್ದೆ. ಮೂರೇ ದಿನದಲ್ಲಿ ಕಲಿತ. ಒಳ್ಳೆ ಕೈ ಅವನದ್ದು.

ಮಾವನ ಕೋವಿ ಇಪ್ಪತ್ತು ಬೋರಿನದು.

ಮಾವ ತೀರಿಕೊಂಡಾಗ ಕೋವಿಯನ್ನು ನಾನೇ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಉಳಿದ ತೋಟಾಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ನಾಳೆ ಕೊಟ್ಟರಾಯಿತು ಎಂದು ಅಟ್ಟದ ಮೇಲಿಟ್ಟೆ. ಕೋವಿ ಒಂದು ಕಡೆ, ತೋಟಾ ಒಂದು ಕಡೆ, ಎರಡಕ್ಕೂ ಬೀಗ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಾಲ್ಕು ಮನೆಗಳ ತೋಟಾ ತಾಳೆ ನೋಡಿದವಳು ಐದನೆಯ ಮನೆಯ ಅಟ್ಟ ಹತ್ತಿರಲಿಲ್ಲ.

"ಮಗಳೇ?"

"ಇಲ್ಲ ಅಜ್ಜ," ಎಂದೆ. "ಯಾರಿಗೂ ಕಲಿಸಿಲ್ಲ."

ಅಜ್ಜನಿಗೆ ನನ್ನ ಮುಖ ಕಾಣುವುದಿಲ್ಲ. ಅವರ ಮಗಳಿಗೆ ಕಾಣುತ್ತದೆ. ನಾನು ಅವಳ ಕಡೆ ನೋಡಲಿಲ್ಲ.

"ಹೋಗ್ಲಿ, ನೀನು ಹುಡುಕ್ತೀಯ," ಎಂದರು ಅಜ್ಜ. ಐದು ದಿನದಲ್ಲಿ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. "ಆ ಕಾಗದ ಇತ್ತ ಕೊಡು, ಹರಿದು ಹಾಕ್ತೀನಿ. ಇವಳಲ್ಲ ಅಂದ್ಮೇಲೆ ನಾನ್ಯಾಕೆ ಸುಳ್ಳು ಹೇಳ್ಲಿ? ಕಣ್ಣು ಕಾಣ್ತಿರ್ಲಿಲ್ಲ ಅಂತಾನೇ ಬರ್ಕೋ. ಹೆಸರು ಹೋದ್ರೆ ಹೋಗ್ಲಿ. ಕೊಂದೋನು ಸಿಕ್ಕಿದ್ರೆ ಸಾಕು."

ಅವರು ಕೈ ಚಾಚಿದರು. ಅವರ ಬಾಯಿಂದ ಈ ಮಾತು ಹೊರಡಿಸಲೆಂದೇ ನಾನು ಬೆಳಿಗ್ಗೆಯಿಂದ ಒದ್ದಾಡಿದ್ದೆ.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಅದುರಿತು. ನಾಲ್ಕನೇ ಸಲ. ತೆಗೆದು ಕಿವಿಗಿಟ್ಟೆ.

"ಅಕ್ಕಾ," ಎಂದ ತಮ್ಮ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಕರೆಯುತ್ತಿದ್ದ ಹಾಗೆಯೇ ಇತ್ತು ಆ ಧ್ವನಿ. "ಅಜ್ಜನ ಕಾಗದ ಸಾಹೇಬ್ರಿಗೆ ಕೊಟ್ಟಾಯ್ತಾ?"

ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು. ಅಜ್ಜ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದರು, ನನ್ನ ಕಿವಿಯ ಪಕ್ಕ ನೋಡುತ್ತ. ನಾನು ಫೈಲನ್ನು ಮುಚ್ಚಿ, ದಾರ ಸುತ್ತಿ, ಕಂಕುಳಿಗೆ ಏರಿಸಿದೆ.

"ಈಗ ಹೊರಟೆ," ಎಂದೆ.